ಕಟ್ಟದೆ ಉಳಿದ ತಪ್ಪುಕಾಣಿಕೆ

ಮೊನ್ನೆ ಠಾಣೆ ಸ್ಟೇಷನ್ನಿನ ಹೊರಗೆ, ಹೂವಿನವರು ಸಾಲಾಗಿ ಕೂರುವ ಜಾಗದಲ್ಲಿ, ಒದ್ದೆ ಗರಿಕೆಯ ವಾಸನೆ ಬಂತು. ಚೌತಿಯ ದಿನಗಳಲ್ಲ, ಸಂಕಷ್ಟಿಯೂ ಅಲ್ಲ. ಆದರೂ ಹೂವಿನವಳು ಗರಿಕೆಯನ್ನು ಸಣ್ಣ ಕಟ್ಟುಗಳಾಗಿ ಮಾಡಿ, ನೀರು ಚಿಮುಕಿಸಿ, ಚೆಂಡುಹೂವಿನ ಪಕ್ಕದಲ್ಲಿ ಜೋಡಿಸಿಟ್ಟಿದ್ದಳು. ನನ್ನ ಮುಂದೆ ನಿಂತಿದ್ದ ಹುಡುಗಿಯ ಕತ್ತಿನಲ್ಲಿ ಆಫೀಸಿನ ಗುರುತಿನ ಪಟ್ಟಿ ಇತ್ತು. ಫೋನಿನಲ್ಲಿ ಮಾತಾಡುತ್ತಲೇ ಎರಡು ಕಟ್ಟು ತೆಗೆದುಕೊಂಡಳು. “ಹೌದಮ್ಮಾ, ತಗೊಂಡೆ. ನೀರಿಗೂ ಹಾಕ್ತೇನೆ, ಹಾಲಿಗೂ ಹಾಕ್ತೇನೆ. ನಾಳೆ ಗ್ರಹಣ ಬಿಡೋವರೆಗೆ ಹೊರಗೆ ಕಾಲಿಡಲ್ಲ, ಚಾಕು ಮುಟ್ಟಲ್ಲ, ಆಯ್ತಾ?” ಎಂದು ಕನ್ನಡದಲ್ಲಿ ಹೇಳಿ, ಹೂವಿನವಳ ಕಡೆ ತಿರುಗಿ ಮರಾಠಿಯಲ್ಲಿ ಚೀಲ ಕೇಳಿದಳು. ಅವಳ ಹೊಟ್ಟೆ ಆಗಷ್ಟೇ ಕಾಣಿಸತೊಡಗಿತ್ತು.

ಗುರುತಿಲ್ಲದವಳಿಗೆ ರಸ್ತೆಯ ಮೇಲೆ ನಿಂತು ಏನು ಹೇಳುವುದು? ಆದರೆ ನಾನು ಹತ್ತಬೇಕಾಗಿದ್ದ ಗಾಡಿಯನ್ನು ಬಿಟ್ಟು ಪ್ಲಾಟ್‌ಫಾರಂನ ಬೆಂಚಿನ ಮೇಲೆ ಕುಳಿತೆ. ತೊಂಬತ್ತೈದರ ಶ್ರಾವಣದಿಂದ ಮುಂದಿನ ಮಾಘದವರೆಗೆ ಕಳವಾದಲ್ಲಿ ನಾನು ಕಂಡದ್ದನ್ನು, ಕಂಡಷ್ಟನ್ನೇ, ಬರೆದಿಡಬೇಕೆಂದು ಅಲ್ಲಿ ಕುಳಿತೇ ನಿಶ್ಚಯಿಸಿದೆ.

ಆಗ ನಾವು ಕಳವಾ ಪೂರ್ವದಲ್ಲಿ, ರೈಲ್ವೆ ಕಾರ್‌ಶೆಡ್ಡಿನ ಗೋಡೆಗೆ ಎದುರಾಗಿ ಇದ್ದ ಒಂದು ಚಾಳಿನಲ್ಲಿ ವಾಸವಾಗಿದ್ದೆವು. ನಮ್ಮೂರು ಉಡುಪಿಯ ಹತ್ತಿರ. ನನ್ನ ಗಂಡ ಘೋಡಬಂದರ್ ರಸ್ತೆಯ ಕಂಪನಿಯೊಂದರ ಕ್ಯಾಂಟೀನಿನಲ್ಲಿದ್ದರು. ನಾನು ಠಾಣೆಯಲ್ಲಿ ಮಾತ್ರೆಗಳನ್ನು ಡಬ್ಬಿಗೆ ತುಂಬುವ ಕೆಲಸಕ್ಕೆ ಹೋಗುತ್ತಿದ್ದೆ. ಪಕ್ಕದ ಖೋಲಿಗೆ ಆ ಶ್ರಾವಣದಲ್ಲಿ ಮಹಾದೇವಿ ಬಂದಳು. ಕಲಬುರಗಿ ಕಡೆಯ ಹಳ್ಳಿಯವಳು, ಬಸುರಿ. ಗಂಡ ಶಿವಪುತ್ರ ಗೋದಾಮಿನಲ್ಲಿ ಹಮಾಲಿ ಮಾಡುತ್ತಿದ್ದ. ಬಂದ ವಾರದೊಳಗೆ ಅವಳು ಜೋಳದ ರೊಟ್ಟಿ ಬಡಿದು ತಮ್ಮ ಕಡೆಯ ಒಂಟಿ ಗಂಡಸರಿಗೆ ಕೊಡಲು ಶುರುಮಾಡಿದಳು. ಬೆಳಗಿನ ಹೊತ್ತು ನಮ್ಮ ಗೋಡೆಯಾಚೆ ಕೈ ಬಡಿತದ ಸದ್ದು ನಿಲ್ಲುತ್ತಲೇ ಇರಲಿಲ್ಲ.

ಅದೇ ಹೊತ್ತಿಗೆ ನಮ್ಮ ಕನ್ನಡ ಸಂಘದವರು ಮುನಿಸಿಪಾಲಿಟಿ ಶಾಲೆಯ ಗೋಡೆಗೆ ಒಂದು ಕೈಬರಹದ ಹಾಳೆ ಅಂಟಿಸಿದರು. ಶಾಲೆ ಬಿಟ್ಟ ದೊಡ್ಡವರಿಗೆ ನಿಸರ್ಗ ವಿಜ್ಞಾನದ ಪಾಠ, ರವಿವಾರ ಮಧ್ಯಾಹ್ನ, ಸಂಕ್ರಾಂತಿವರೆಗೆ, ಪರೀಕ್ಷೆ ಇಲ್ಲ. ಆ ಕೊನೆಯ ಎರಡು ಪದ ಓದಿ ನಾನು ಸೇರಿದೆ. ಮಹಾದೇವಿಯನ್ನೂ ಕರೆದುಕೊಂಡು ಹೋದೆ. ಏಳನೆಯ ಇಯತ್ತೆಯವರೆಗೆ ಓದಿದ್ದಳು.

ನಾವೆಲ್ಲ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಎದೆಗೆ ತಾಗಿಸಿ ಕೂರುತ್ತಿದ್ದೆವು. ಪಾಠ ಹೇಳುತ್ತಿದ್ದವರು ಡೊಂಬಿವಲಿಯ ಕುಲಕರ್ಣಿ ಬಾಯಿ. ತವರು ಧಾರವಾಡ, ಮರಾಠಿ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು. ಕ್ಯಾನ್ವಾಸ್ ಬೂಟು, ಹತ್ತಿ ಸೀರೆ, ಹೆಗಲಿಗೊಂದು ಬಟ್ಟೆಚೀಲ. ಯಾರು ಏನೇ ಹೇಳಿದರೂ ಅವರದು ಒಂದೇ ಪ್ರಶ್ನೆ: “ನೀವು ಕಂಡಿದ್ದೋ, ಕೇಳಿದ್ದೋ?” ಕೇಳಿದ್ದು ಎಂದರೆ, “ಇರಲಿ, ಬಾಜೂಕ ಇಡ್ರಿ” ಎನ್ನುತ್ತಿದ್ದರು. ಬೈಯುತ್ತಿರಲಿಲ್ಲ.

ಶಾಲೆಯ ಕೀಲಿ ಇರುತ್ತಿದ್ದದ್ದು ಅಡಿಗರ ಹತ್ತಿರ. ಠಾಣೆ ಸ್ಟೇಷನ್ನಿನ ಬಳಿಯ ಸಸ್ಯಾಹಾರಿ ಹೋಟೆಲೊಂದರ ಮ್ಯಾನೇಜರು, ಸಂಘದ ಕಾರ್ಯಕಾರಿಣಿಯವರು. ಬೆಂಚು ಮುರಿಯದಂತೆ ನೋಡಿಕೊಳ್ಳಲು ಬರುತ್ತೇನೆಂದು ಬಂದು, ಎರಡನೆಯ ವಾರದಿಂದ ಮುಂದಿನ ಸಾಲಿನಲ್ಲಿ ಕೂರತೊಡಗಿದರು. ಮೊದಲ ಪಾಠಕ್ಕೆ ಬಾಯಿ ನಮ್ಮನ್ನು ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ದಂಡೆಗೆ ಕರೆದೊಯ್ದಿದ್ದರು. ಇಳಿತದ ಹೊತ್ತು. ಕೆಸರಿನಲ್ಲಿ ಬೆರಳುಗಳ ಹಾಗೆ ನೆಟ್ಟಗೆ ನಿಂತ ಕಾಂಡ್ಲಾ ಗಿಡಗಳ ಉಸಿರುಬೇರು ತೋರಿಸುತ್ತಿದ್ದರು. ಅಡಿಗರು ಮೂಗಿಗೆ ಕರವಸ್ತ್ರ ಹಿಡಿದು, “ಇದರಲ್ಲಿ ವಿಜ್ಞಾನ ಎಲ್ಲಿ ಉಂಟು ಮಾರಾಯ್ರೇ, ವಾಸನೆ ಮಾತ್ರ ಉಂಟು” ಎಂದರು. ಬಾಯಿ, “ಆ ವಾಸನಿ ಎಲ್ಲಿಂದ ಬಂತು ಅಂತ ಕೇಳೋದೇ ವಿಜ್ಞಾನರೀ” ಎಂದು ಮುಂದೆ ನಡೆದರು.

ಒಂದು ರವಿವಾರ ಮಹಾದೇವಿ ಕೇಳಿದಳು: “ಬಾಯಾರ, ಹೊಟ್ಟ್ಯಾಗ ಕೂಸು ನೀರಾಗ ಇರ್ತದಂತ. ಹಂಗಾದ್ರ ಮುಳುಗೂದಿಲ್ಲೇನ್ರಿ?”

ನಾವೆಲ್ಲ ನಕ್ಕೆವು. ಬಾಯಿ ನಗಲಿಲ್ಲ. “ಮುಂದಿನ ವಾರ ತತ್ತಿ ತರ್ತೀನಿ” ಎಂದರು.

ಹೇಳಿದ ಹಾಗೆ ತಂದರು. ಡೊಂಬಿವಲಿಯ ಮನೆಯಲ್ಲಿ ಬಲ್ಬಿನ ಕಾವಿನಲ್ಲಿಟ್ಟಿದ್ದ ತತ್ತಿಗಳನ್ನು ಶಾಲಿನಲ್ಲಿ ಸುತ್ತಿ, ಲೋಕಲ್ಲಿನ ಗರ್ದಿಯಲ್ಲಿ ಮಡಿಲಲ್ಲಿಟ್ಟುಕೊಂಡು ಬಂದಿದ್ದರು. ಪಕ್ಕದವಳು ಸರಿದು ಕೂರಿ ಎಂದದ್ದಕ್ಕೆ, “ಸರಿಯೂದಿಲ್ಲವ್ವಾ, ನನ್ನ ಮಡಲಾಗ ಆರು ಮಂದಿ ಇದ್ದಾರ” ಎಂದರಂತೆ. ಮೇಜಿನ ಮೇಲೆ ಒಂದು ತತ್ತಿಯನ್ನಿಟ್ಟು, ಸಣ್ಣ ಕತ್ತರಿಯ ತುದಿಯಿಂದ ಸಿಪ್ಪೆಯಲ್ಲಿ ಕಿಟಕಿ ಕೊರೆದರು. ಅಡಿಗರು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. ಹಳದಿಯ ಮೇಲೆ, ಸಾಸಿವೆಗಿಂತ ಸ್ವಲ್ಪ ದೊಡ್ಡದೊಂದು ಕೆಂಪು ಚುಕ್ಕೆ. ಅದು ಮಿಡಿಯುತ್ತಿತ್ತು. ನಾವೆಲ್ಲ ಬೆಂಚು ಸರಿಸಿ ಮೇಜಿನ ಸುತ್ತ ಮುತ್ತಿಕೊಂಡೆವು. ಆ ಸದ್ದು ಕೇಳಿಯೇ ಇರಬೇಕು, ಅಡಿಗರು ಒಮ್ಮೆ ತಿರುಗಿ ನೋಡಿದರು. ಮತ್ತೆ ಗೋಡೆಯ ಕಡೆ ತಿರುಗಲಿಲ್ಲ.

ಮಹಾದೇವಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, “ಇದೂ ಹಿಂಗ ಇತ್ತೇನ್ರಿ?” ಎಂದಳು.

“ಹಿಂಗೇ ಇತ್ತು. ಈಗ ಭಾಳ ಮುಂದ ಬಂದದ” ಎಂದು ಬಾಯಿ ಹಲಗೆಯ ಮೇಲೆ ಕೂಸಿನ ಮುಖ ಆಗುವ ಬಗೆ ಬರೆದರು. ಮುಖ ಒಂದೇ ಸಲಕ್ಕೆ ಆಗುವುದಿಲ್ಲ. ಎಡದಿಂದ ಒಂದು ಭಾಗ, ಬಲದಿಂದ ಒಂದು ಭಾಗ, ಮೇಲಿನಿಂದ ಒಂದು ಭಾಗ ಬೆಳೆದು ಬಂದು ಮೂಗಿನ ಕೆಳಗೆ ಕೂಡುತ್ತವೆ. ಗರ್ಭ ನಿಂತ ಎರಡನೆಯ ತಿಂಗಳು ಮುಗಿಯುವುದರೊಳಗೆ ಮೇಲ್ದುಟಿ ಕೂಡಿ ಮುಗಿದಿರುತ್ತದೆ. “ಎಲ್ಲಾರೂ ಮೂಗಿನ ಕೆಳಗ ಬೆರಳ ಇಟ್ಟು ನೋಡ್ರಿ, ಒಂದು ತಗ್ಗು ಸಿಗ್ತದ. ಅಲ್ಲೇ ಕೂಡೋದು.” ಹಮಾಲರು, ಹೋಟೆಲಿನವರು, ಮನೆಗೆಲಸದವರು, ಎಲ್ಲರೂ ತುಟಿಯ ಮೇಲೆ ಬೆರಳಿಟ್ಟುಕೊಂಡು ಕುಳಿತೆವು. ಅಡಿಗರಿಗೆ ಮೀಸೆ ಅಡ್ಡ ಬಂತು.

ದೀಪಾವಳಿ ಅಮಾವಾಸ್ಯೆಗೆ ಸೂರ್ಯಗ್ರಹಣ ಇತ್ತು. ಹಿಂದಿನ ರವಿವಾರ ಬಾಯಿ ಚಿಮಣಿ ದೀಪ, ಮೋಸಂಬಿ, ಲಿಂಬೆಹಣ್ಣು ಇಟ್ಟುಕೊಂಡು ನೆರಳು ಹೇಗೆ ಬೀಳುತ್ತದೆಂದು ತೋರಿಸಿದರು. ಕೊನೆಗೆ ಮಹಾದೇವಿ ಎದ್ದು ನಿಂತಳು. “ಬಸುರಿ ಹೆಂಗಸು ಆವತ್ತ ಏನ್ ಮಾಡಬೇಕ್ರಿ?”

“ದಿನಾ ಆ ಹೊತ್ತಿಗೆ ಏನ್ ಮಾಡ್ತೀ?”

“ರೊಟ್ಟಿ ಬಡೀತೀನ್ರಿ.”

“ಅದನ್ನೇ ಮಾಡು. ಬರಿಗಣ್ಣಿಲೆ ಸೂರ್ಯನ್ನ ನೋಡಬ್ಯಾಡ, ಕಣ್ಣು ಸುಡ್ತಾವ. ಅದು ಬಸುರಿಗಷ್ಟೇ ಅಲ್ಲ, ಎಲ್ಲಾರಿಗೂ. ಗಿಡದ ಕೆಳಗ ನೋಡ್ರಿ, ಬಿಸಿಲಿನ ಚುಕ್ಕಿ ಹೆಂಗ ಆಗ್ತಾವ ಅಂತ.”

ಅಡಿಗರು ತಲೆಯಾಡಿಸಿದರು. “ನಮ್ಮ ಹೋಟೆಲಿಗೆ ಆ ಹೊತ್ತು ಬಾಗಿಲು. ನಾನಂತೂ ಒಳಗೆ.”

“ಯಾಕ್ರಿ ಅಡಿಗರ, ನಿಮಗ ಎಷ್ಟನೇ ತಿಂಗಳು?” ಎಂದರು ಬಾಯಿ. ಆ ನಗು ಶಾಲೆಯ ಹೊರಗಿನವರೆಗೂ ಕೇಳಿಸಿರಬೇಕು. ಅಡಿಗರೂ ನಕ್ಕರು.

ಮಹಾದೇವಿಗೆ ತವರಿನಲ್ಲಿ ತಾಯಿ ಇರಲಿಲ್ಲ. ಬಾಣಂತನಕ್ಕೆ ಅತ್ತೆ ಗುರುಬಾಯಿಯೇ ಹಳ್ಳಿಯಿಂದ ಬರುವವರಿದ್ದರು. ಕಿರಾಣಿ ಅಂಗಡಿಯ ಫೋನಿಗೆ ಅವರಿಂದ ಮಾತು ಬಂತು. ಗ್ರಹಣ ಹಿಡಿದು ಬಿಡುವವರೆಗೆ ಬಾಗಿಲು ಹಾಕಿಕೊಂಡು ಅಂಗಾತ ಮಲಗಿರಬೇಕು, ಕೈಕಾಲು ಮಡಿಚಬಾರದು, ಹೆಚ್ಚಬಾರದು, ಹೊಲಿಯಬಾರದು, ಬಾಯಿಗೆ ಏನೂ ಹಾಕಬಾರದು. ಹೆಚ್ಚಿದರೆ ಕೂಸಿನ ತುಟಿ ಸೀಳುತ್ತದೆ. ಈ ಕೊನೆಯ ಮಾತು ಅವರದೊಬ್ಬರದೇ ಅಲ್ಲ. ನಮ್ಮ ಊರಿನಲ್ಲೂ ಇದನ್ನೇ ಹೇಳುತ್ತಿದ್ದರು, ಚಾಳಿನ ಮರಾಠಿ ಹೆಂಗಸರೂ ಇದನ್ನೇ ಹೇಳುತ್ತಿದ್ದರು. ಶಿವಪುತ್ರ ಗ್ರಹಣದ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ, “ಅವ್ವ ಹೇಳಿದಂಗ ಮಲಕೊಂಡಿರು” ಎಂದು ಹೇಳಿ ಹೋದದ್ದು ನನಗೆ ಗೋಡೆಯಾಚೆಯಿಂದ ಕೇಳಿಸಿತು.

ನಾನೇನೂ ದೊಡ್ಡ ಧೈರ್ಯದವಳಲ್ಲ. ಹಿಂದಿನ ದಿನವೇ ಗರಿಕೆ ತಂದು ನೀರಿನ ಹಂಡೆಗೂ ಉಪ್ಪಿನಕಾಯಿ ಭರಣಿಗೂ ಹಾಕಿದ್ದೆ. ಗ್ರಹಣ ಹಿಡಿದ ಮೇಲೆ ಬಾಗಿಲು ತಟ್ಟಿದ ಸದ್ದಾಯಿತು. ಮಹಾದೇವಿ ನಿಂತಿದ್ದಳು. “ಬರ್ರಿ ಅಕ್ಕಾ, ಗಿಡದ ಕೆಳಗ ಹೋಗೂಣು.”

“ಎಂತ ಮಾರಾಯ್ತಿ, ನೀನು ಒಳಗಿರಬೇಕಲ್ವಾ?”

“ನೀವು ಬರ್ತೀರೋ, ನಾನೊಬ್ಬಾಕೇ ಹೋಗ್ಲೋ?”

ಚಾಳಿನ ಎಲ್ಲ ಬಾಗಿಲುಗಳೂ ಮುಚ್ಚಿದ್ದವು. ಕಿಟಕಿಗಳಿಗೆ ಚಾದರ ಕಟ್ಟಿದ್ದರು. ಲೋಕಲ್ ಗಾಡಿಗಳು ಖಾಲಿ ಓಡುತ್ತಿದ್ದವು. ಬಿಸಿಲಿಗೆ ನೀರು ಬೆರೆಸಿದ ಹಾಗೆ ಬೆಳಕು ತೆಳ್ಳಗಾಗಿತ್ತು, ಆದರೆ ನೆರಳು ಮಾತ್ರ ಚೂಪಾಗಿತ್ತು. ಅರಳಿಮರದ ಎಲೆಗಳ ಸಂದಿಯಿಂದ ಕಾರ್‌ಶೆಡ್ಡಿನ ಗೋಡೆಯ ಮೇಲೆ ಬಿದ್ದಿದ್ದ ಬೆಳಕಿನ ಚುಕ್ಕೆಗಳು ದುಂಡಗಿರಲಿಲ್ಲ. ಒಂದೊಂದೂ ಸಣ್ಣ ಕುಡುಗೋಲಿನ ಆಕಾರ. ಗೋಡೆಯ ತುಂಬ ಕುಡುಗೋಲುಗಳು, ಗಾಳಿ ಬಂದಾಗ ಎಲ್ಲವೂ ಒಟ್ಟಿಗೆ ಅಲುಗುತ್ತಿದ್ದವು. ಮಹಾದೇವಿ ಅಂಗೈಯೊಡ್ಡಿ ಒಂದನ್ನು ಕೈಯಲ್ಲಿ ಹಿಡಿದಳು. “ಇಷ್ಟೇ ಏನ್ರಿ ಇದು?” ಎಂದಳು. ಸೂರ್ಯನನ್ನು ಅವಳು ನೋಡಲಿಲ್ಲ, ನಾನೂ ನೋಡಲಿಲ್ಲ.

ಆಮೇಲೆ ಅವಳಿಗೆ ಹಸಿವಾಯಿತು. ಹೊಸ್ತಿಲ ಹತ್ತಿರ ಬೆಳಕಿದ್ದಲ್ಲಿ ಕುಳಿತು ಈಳಿಗೆಯಲ್ಲಿ ಉಳ್ಳಾಗಡ್ಡಿ ಹೆಚ್ಚಿದಳು. ಸ್ಟೋವ್ ಹಚ್ಚಿ ರೊಟ್ಟಿ ಬಡಿದಳು. ಬಾಗಿಲು ಹಾಕಿದ ಚಾಳಿನಲ್ಲಿ ಆ ಬಡಿತ ಬಿಟ್ಟರೆ ಬೇರೆ ಸದ್ದಿರಲಿಲ್ಲ. ಅವಳು ತಿಂದಳು, ನನಗೂ ಕೊಟ್ಟಳು, ನಾನೂ ತಿಂದೆ. ಆ ಸದ್ದನ್ನು ಕೇಳಿದವರು ಬಹಳ ಮಂದಿ ಇದ್ದರು. ಕಣ್ಣಾರೆ ಕಂಡವಳು ನಾನೊಬ್ಬಳೇ.

ಮಾರ್ಗಶಿರದಲ್ಲಿ ಗುರುಬಾಯಿ ಬಂದರು. ಎತ್ತರದ, ಗಟ್ಟಿ ಧ್ವನಿಯ ಹೆಂಗಸು. ಸೊಸೆಗೆ ದಿನವೂ ಎಣ್ಣೆ ತೀಡಿ ನೀರು ಹಾಕುತ್ತಿದ್ದರು, ರೊಟ್ಟಿ ತಾವೇ ಬಡಿಯುತ್ತಿದ್ದರು. ನಲ್ಲಿಯ ಹತ್ತಿರ ಯಾರೋ ಅವರ ಕಿವಿಗೆ ಗ್ರಹಣದ ದಿನದ ಸದ್ದಿನ ಮಾತು ಹಾಕಿದರು. ಅವರು ಮಗನನ್ನು ಕೇಳಿದರು. ಶಿವಪುತ್ರ, “ಮಂದಿ ಮಾತು ಬಿಡವ್ವ, ಆಕಿ ಮಲಗಿದ್ಳು” ಎಂದ. ಹೆಂಡತಿಯ ಹತ್ತಿರ ಬಂದು, ಹೆರಿಗೆ ಆಗುವ ತನಕ ಏನೂ ಆಡಬೇಡ ಎಂದು ಕೈ ಮುಗಿದನಂತೆ. ಅವಳು ಒಪ್ಪಿದಳು. ಅದನ್ನು ನನಗೆ ಹೇಳುವಾಗ, “ಸುಮ್ಮನ ಇರ್ತೀನಿ ಅಂದೀನಿ. ಇಲ್ಲ ಅಂತ ಮಾತ್ರ ನನ್ನ ಬಾಯಿಲೆ ಬರೂದಿಲ್ಲ” ಎಂದಳು.

ಮಾಘ ಹುಟ್ಟಿದ ಮೇಲೆ, ಒಂದು ಬೆಳಿಗ್ಗೆ, ಹೆಣ್ಣು ಕೂಸು ಹುಟ್ಟಿತು. ನಾನು ಗಂಜಿಯ ಡಬ್ಬಿ ಹಿಡಿದು ಆಸ್ಪತ್ರೆಗೆ ಹೋದಾಗ ಗುರುಬಾಯಿ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ನನ್ನನ್ನು ಕಂಡೊಡನೆ ಅವರು ಸೀರೆಯ ಸೆರಗನ್ನು ಕೂಸಿನ ಮುಖದ ಮೇಲೆ ಎಳೆದರು. ಆದರೆ ಅಷ್ಟರಲ್ಲಿ ನಾನು ನೋಡಿಯಾಗಿತ್ತು. ಮೇಲ್ದುಟಿ ಎಡಗಡೆ ಮೂಗಿನ ಹೊಳ್ಳೆಯವರೆಗೆ ಸೀಳಿತ್ತು.

ಡಬ್ಬಿಯನ್ನು ನೆಲದ ಮೇಲಿಟ್ಟು ಗೋಡೆ ಹಿಡಿದುಕೊಂಡೆ. ಇದನ್ನು ಬರೆಯದೆ ಬಿಟ್ಟರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ: ಆ ಗಳಿಗೆಯಲ್ಲಿ ನನಗೆ ಹಲಗೆಯ ಮೇಲಿನ ಚಿತ್ರ ನೆನಪಾಗಲಿಲ್ಲ, ಮೂಗಿನ ಕೆಳಗಿನ ತಗ್ಗು ನೆನಪಾಗಲಿಲ್ಲ. ನನಗೆ ಕಂಡದ್ದು ಗೋಡೆಯ ತುಂಬ ಅಲುಗುತ್ತಿದ್ದ ಕುಡುಗೋಲುಗಳು, ಉಳ್ಳಾಗಡ್ಡಿಯ ಮೇಲೆ ಇಳಿಯುತ್ತಿದ್ದ ಈಳಿಗೆ. ಅಷ್ಟೂ ವಾರಗಳ ಪಾಠ ಕಲಿತ ನಾನು ಆ ಗಳಿಗೆಯಲ್ಲಿ ಅದನ್ನು ನಂಬಿದೆ. ಆ ನಂಬಿಕೆ ಎಷ್ಟು ಬೇಗ ಬಂದು ಎದೆಯ ಮೇಲೆ ಕೂರುತ್ತದೆ ಎಂಬುದು ನನಗೆ ಅಂದು ಗೊತ್ತಾಯಿತು. ಹಾಗಾಗಿಯೇ ಗರಿಕೆ ಕೊಳ್ಳುವವರ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ. ಸಿಟ್ಟಿರುವುದು ಆ ನಂಬಿಕೆ ಯಾರ ಮೇಲೆ ಹೋಗಿ ಬೀಳುತ್ತದೋ ಅದರ ಬಗ್ಗೆ.

ಡಾಕ್ಟರು ಹೆದರಬೇಡಿ ಎಂದರು. ಕೆಲವು ತಿಂಗಳಾದ ಮೇಲೆ ಹೊಲಿಗೆ ಹಾಕಿ ಕೂಡಿಸಬಹುದು. ಅಲ್ಲಿಯವರೆಗೆ ಹಾಲು ಹಿಂಡಿ ಒಳಲೆಯಲ್ಲಿ ನಿಧಾನವಾಗಿ ಕುಡಿಸಬೇಕು. ಗುರುಬಾಯಿ ಎಲ್ಲ ಕೇಳಿಸಿಕೊಂಡರು. ಮನೆಗೆ ಬಂದ ಮೇಲೆ ತಮ್ಮ ಮಾತು ಹೇಳಿದರು. ಆಪರೇಷನ್ ಮಾಡಿಸೋಣ, ಬೇಡ ಅನ್ನುವುದಿಲ್ಲ. ಆದರೆ ಮೊದಲು ಮನೆದೇವರಿಗೆ ತಪ್ಪುಕಾಣಿಕೆ ಕಟ್ಟಬೇಕು. ಅರಿಷಿಣದ ಬಟ್ಟೆಯಲ್ಲಿ ಒಂದು ನಾಣ್ಯ ಇಟ್ಟು, ಗಂಟು ಹಾಕಿ, ಹೆಸರಿಡುವ ದಿನ ಬೀಗರ ಎದುರು ಅದನ್ನು ಕೈಯಲ್ಲಿ ಹಿಡಿದು ಮಹಾದೇವಿ ‘ನನ್ನ ತಪ್ಪಿನಿಂದ ಆಯ್ತು’ ಅನ್ನಬೇಕು. ಇಲ್ಲವಾದರೆ ಹೊಲಿಗೆ ನಿಲ್ಲುವುದಿಲ್ಲ. ಮಗ ಮತ್ತೆ, ಆಕೆ ಮಲಗಿಯೇ ಇದ್ದಳು ಎಂದ. ಹಾಗಾದರೆ ಪಕ್ಕದವಳು ಬೀಗರ ಮುಂದೆ ಹಾಗೆಂದು ಹೇಳಲಿ, ನಾನು ಗಂಟು ಬಿಚ್ಚುತ್ತೇನೆ ಎಂದರು.

ಮರುದಿನ ನಲ್ಲಿಯ ಹತ್ತಿರ ಶಿವಪುತ್ರ ನನಗಾಗಿ ಕಾದು ನಿಂತಿದ್ದ. “ಅಕ್ಕಾರ, ನೀವು ಒಂದ ಮಾತು ಹೇಳ್ರಿ. ಆಕಿ ಒಳಗೇ ಇದ್ಳು ಅಂತ. ಅವ್ವ ನಿಮ್ಮ ಮಾತು ನಂಬ್ತಾಳ.”

“ಅವಳು ನನ್ನ ಕಣ್ಣೆದುರೇ ಹೊರಗೆ ಇದ್ದಳಲ್ವಾ ಶಿವಪುತ್ರ.”

“ನನಗ ಗೊತ್ತಿಲ್ಲೇನ್ರಿ? ಆದ್ರ ಏನ್ ಹೋಗ್ತದ ನಿಮ್ಮದು? ಒಂದು ಸುಳ್ಳಿಗೆ ಮೂರು ಜೀವ ಉಳೀತಾವ.” ಅವನ ಕಣ್ಣು ಕೆಂಪಾಗಿದ್ದವು. ಅವನು ಕೆಟ್ಟವನಾಗಿರಲಿಲ್ಲ.

ಆ ರವಿವಾರ ಪಾಠದ ದಿನವಲ್ಲ, ತರಗತಿ ಸಂಕ್ರಾಂತಿಗೆ ಮುಗಿದಿತ್ತು. ಆದರೂ ಬಾಯಿ ಕೂಸಿನ ಸುದ್ದಿ ಕೇಳಿ ಬಂದಿದ್ದರು. ಶಾಲೆಯ ಅಂಗಳದಲ್ಲಿ ಅಡಿಗರೂ ಇದ್ದರು. “ಬಾಯಿಯವರೇ, ಸಂಘದವರಿಗೆ ಹೆದರಿಕೆ ಆಗಿದೆ” ಎಂದು ಶುರುಮಾಡಿದರು. “ಬರುವ ವರ್ಷವೂ ತರಗತಿ ಆಗುವುದಾದರೆ ಹೂವು, ಹಕ್ಕಿ ಹೇಳಿದರೆ ಸಾಕಂತೆ. ಬಸುರಿ, ಗ್ರಹಣ ಎಲ್ಲ ನಮಗೆ ಯಾಕೆ? ಇಲ್ಲದಿದ್ದರೆ ಬೀಗ ಹಾಕಿ ಎನ್ನುತ್ತಾರೆ.”

ಬಾಯಿ ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿಕೊಂಡರು. “ಹಾಕ್ರಿ. ಖಾಡಿಗೆ ಬೀಗ ಇಲ್ಲಲ್ಲ, ಅಲ್ಲಿ ಕೂತು ಹೇಳ್ತೀನಿ. ಹೂವಿನ ಪಾಠ ಮಾಡಿದ್ರೂ ಕಾಯಿ ಹೆಂಗ ಕಟ್ತದ ಅಂತ ಹೇಳಬೇಕಾಗ್ತದ ಅಡಿಗರ. ಎಲ್ಲಿಗೆ ನಿಲ್ಲಸ್ಲಿ?”

ಅಡಿಗರು ಜೇಬಿನ ಮೇಲೆ ಕೈಯಿಟ್ಟರು. “ಕೀಲಿ ನನ್ನ ಹತ್ತಿರವೇ ಉಂಟು. ನಾನು ಹಾಕುವುದಿಲ್ಲ ಮಾರಾಯ್ರೇ. ಆದರೆ ಸಭೆಯಲ್ಲಿ ಕೇಳಿದರೆ ನನಗೆ ಗೊತ್ತೇ ಇಲ್ಲ ಎನ್ನುತ್ತೇನೆ, ಅದಕ್ಕೆ ನೀವು ಬೇಜಾರು ಮಾಡಬಾರದು.”

ನಾನು ಬಾಯಿಯನ್ನು ಪಕ್ಕಕ್ಕೆ ಕರೆದು ನೇರವಾಗಿ ಕೇಳಿದೆ, ಗ್ರಹಣದಿಂದ ಆಗಿರಬಹುದೇ ಎಂದು. ಅವರು ನನ್ನನ್ನು ಗದರಲಿಲ್ಲ. “ಹುಟ್ಟಿದ ದಿನದಿಂದ ಹಿಂದಕ್ಕ ಎಣಸ್ರಿ” ಎಂದರು. ಬೆರಳು ಮಡಿಚುತ್ತ ಪುಷ್ಯ, ಮಾರ್ಗಶಿರ, ಕಾರ್ತೀಕ ಎಂದು ಹಿಂದೆ ಹೋದೆ. ಗರ್ಭ ನಿಂತದ್ದು ವೈಶಾಖದಲ್ಲಿ. ತುಟಿ ಕೂಡಬೇಕಾಗಿದ್ದದ್ದು ಜ್ಯೇಷ್ಠದಲ್ಲಿ, ಕಾರಹುಣ್ಣಿಮೆಯ ಆಸುಪಾಸು. ಗ್ರಹಣ ಬಂದದ್ದು ಆಶ್ವಯುಜದ ಕೊನೆಗೆ. ಅವಳು ಉಳ್ಳಾಗಡ್ಡಿ ಹೆಚ್ಚುವ ಹೊತ್ತಿಗೆ ಕೂಸಿನ ಮುಖ ಮುಗಿದು ನಾಲ್ಕು ತಿಂಗಳಾಗಿತ್ತು.

“ಮತ್ತೆ ಯಾಕೆ ಕೂಡಲಿಲ್ಲ?”

“ಗೊತ್ತಿಲ್ಲ.”

“ನಿಮಗೂ?”

“ನನಗೂ ಗೊತ್ತಿಲ್ಲ, ಡಾಕ್ಟರಿಗೂ ಭಾಳ ಸಲ ಗೊತ್ತಿರೂದಿಲ್ಲ. ಗೊತ್ತಿಲ್ಲ ಅನ್ನೋದು ಭಾರ ಅದ ವಾರಿಜಾ. ಹೊತ್ತು ನಿಲ್ಲೋದು ಕಷ್ಟ. ಅದಕ್ಕ ಮಂದಿ ಅದನ್ನ ತಂದು ಹೆಣ್ಣಿನ ತಲಿ ಮ್ಯಾಲ ಇಳಸ್ತಾರ.”

ಬೀಗರ ಮುಂದೆ ನಾನು ಏನು ಹೇಳಲಿ ಎಂದು ಕೇಳಿದೆ. ಬಾಯಿ, “ಅದು ನಾ ಕಲಸೋ ವಿಷಯ ಅಲ್ಲ” ಎಂದು ಡೊಂಬಿವಲಿ ಗಾಡಿ ಹಿಡಿಯಲು ಹೊರಟರು.

ಹೆಸರಿಡುವ ದಿನದ ಮುಂಚೆ ಮಹಾದೇವಿಯ ಖೋಲಿಗೆ ಹೋದೆ. ಗುರುಬಾಯಿ ಬಜಾರಿಗೆ ಹೋಗಿದ್ದರು. ಅವಳು ಒಳಲೆಯ ತುದಿಯನ್ನು ಕೂಸಿನ ಬಾಯಿಯ ಬಲಭಾಗಕ್ಕೆ ಹಿಡಿದು ಹನಿಹನಿಯಾಗಿ ಹಾಲು ಬಿಡುತ್ತಿದ್ದಳು. ಗಂಡ ನನ್ನ ಹತ್ತಿರ ಬಂದಿದ್ದ ವಿಷಯ ಅವಳಿಗೆ ಗೊತ್ತಿತ್ತು.

“ಸುಳ್ಳು ಹೇಳಬ್ಯಾಡ್ರಿ ಅಕ್ಕಾ” ಎಂದಳು.

“ಹೇಳಿದರೆ ನೀನು ಉಳಿದುಕೊಳ್ತೀಯಲ್ಲ.”

“ನಾ ಉಳೀತೀನಿ. ಆಕಿ ಒಳಗ ಇದ್ಳು, ಅದಕ್ಕ ತಪ್ಪಿಲ್ಲ ಅಂತ ಆಗ್ತದ. ಹಂಗಾದ್ರ ಹೊರಗ ಬಂದಾಕಿದು ತಪ್ಪ ಅಂತ ಆತಲ್ರಿ? ಈ ಚಾಳಿನಾಗ ನಾಳಿ ಇನ್ನೊಬ್ಬಾಕಿ ಬಸುರಿ ಇರ್ತಾಳ.” ಕೂಸಿನ ಗದ್ದ ಒರೆಸಿದಳು. “ಮತ್ತ ಈಕಿ ದೊಡ್ಡಾಕಿ ಆಗಿ, ನನ್ನ ತುಟಿಗೆ ಏನ್ ಆಗಿತ್ತವ್ವ ಅಂತ ಕೇಳ್ತಾಳ. ನಾ ಮಾಡಿದೆ ಅಂತ ಹೇಳ್ಲಿ? ಮಾಡದ್ದನ್ನ? ಇವ್ರೆಲ್ಲ ಒಂದೇ ಮಾತು ಅಂತಾರ. ಆ ಒಂದ ಮಾತು ನಾ ಆಡೂದಿಲ್ಲ.”

ಹೆಸರಿಡುವ ದಿನ ಮಧ್ಯಾಹ್ನ ಕಲ್ಯಾಣದಿಂದಲೂ ಡೊಂಬಿವಲಿಯಿಂದಲೂ ಅವರ ಕಡೆಯ ಮಂದಿ ಬಂದರು. ಖೋಲಿಯೊಳಗೆ ಹೆಂಗಸರು, ಹೊರಗೆ ಕಟ್ಟೆಯ ಮೇಲೆ ಗಂಡಸರು. ಸೀರೆಯಲ್ಲಿ ಕಟ್ಟಿದ ಜೋಳಿಗೆಯ ತೊಟ್ಟಿಲು. ಕೂಸಿನ ಮುಖದ ಮೇಲೆ ತೆಳ್ಳನೆಯ ಬಟ್ಟೆ ಹೊದಿಸಿತ್ತು, ದೃಷ್ಟಿಯಾಗಬಾರದೆಂದು ಹೇಳಿದ್ದರು. ಗುರುಬಾಯಿ ಅರಿಷಿಣದ ಬಟ್ಟೆಯ ಗಂಟನ್ನು ತಟ್ಟೆಯಲ್ಲಿಟ್ಟು, ಎಲ್ಲರೂ ಕುಳಿತ ಮೇಲೆ, ನನ್ನ ಕಡೆ ತಿರುಗಿದರು.

“ನೋಡವ್ವ, ನೀ ಈ ಮನಿಯಾಕಿ ಅಲ್ಲ, ನಿನಗ ಈ ಕಡೆ ಆ ಕಡೆ ಇಲ್ಲ. ಗ್ರಾಣದ ದಿನ ನೀ ಇಲ್ಲೇ ಇದ್ದಿ. ನನ್ನ ಸೊಸಿ ಹೊರಗ ಬಂದಿದ್ಳೋ ಇಲ್ಲೋ?”

ಬಾಗಿಲಲ್ಲಿ ಶಿವಪುತ್ರ ನಿಂತಿದ್ದ. ನಾನು ನಿಧಾನವಾಗಿ ಹೇಳಿದೆ, ನಿಧಾನವಾಗಿ ಅಲ್ಲದೆ ನನ್ನಿಂದ ಹೇಳಲಾಗುತ್ತಿರಲಿಲ್ಲ.

“ಬಂದಿದ್ದಳು. ಅರಳಿಮರದ ಕೆಳಗೆ ನಿಂತಿದ್ದಳು. ಆಮೇಲೆ ಈ ಹೊಸ್ತಿಲಲ್ಲಿ ಕುಳಿತು ಉಳ್ಳಾಗಡ್ಡಿ ಹೆಚ್ಚಿದಳು, ರೊಟ್ಟಿ ಮಾಡಿ ತಿಂದಳು. ನಾನೂ ಜೊತೆಗಿದ್ದೆ, ನಾನೂ ತಿಂದೆ.”

ಶಿವಪುತ್ರ ಮುಖ ತಿರುಗಿಸಿದ. ಹೆಂಗಸರ ನಡುವೆ ಒಂದು ಗುಜುಗುಜು ಎದ್ದಿತು. ಕಲ್ಯಾಣದಿಂದ ಬಂದಿದ್ದ ದೂರದ ಅತ್ತಿಗೆಯೊಬ್ಬಳು, “ಆತಲ್ಲ, ಸಾಕ್ಷಿನೇ ಹೇಳಿತು” ಎಂದಳು.

“ನಾನು ಇನ್ನೂ ಮುಗಿಸಿಲ್ಲ” ಎಂದೆ. ನನ್ನ ಧ್ವನಿ ಅಷ್ಟು ಗಟ್ಟಿಯಾಗಿ ಬಂದದ್ದು ನನಗೇ ಆಶ್ಚರ್ಯವಾಯಿತು. “ಗ್ರಹಣದ ಹೊತ್ತಿಗೆ ಕೂಸಿಗೆ ಆರು ತುಂಬಿತ್ತು. ತುಟಿ ಕೂಡುವುದು ಎರಡನೆಯ ತಿಂಗಳಲ್ಲಿ. ನೀವೇ ಲೆಕ್ಕ ಹಾಕಿ. ಅದು ಕಾರಹುಣ್ಣಿಮೆಯ ಹೊತ್ತು. ಕೂಡಬೇಕಾದದ್ದು ಆಗಲೇ ಕೂಡಲಿಲ್ಲ. ಕೂಡಿದ ತುಟಿಯನ್ನು ಈಳಿಗೆ ಬಂದು ಸೀಳಿದ್ದಲ್ಲ.”

ಗುರುಬಾಯಿ ಬೆರಳು ಮಡಿಚಿದರು. ತಿಂಗಳ ಲೆಕ್ಕ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಡಿಚುತ್ತ ಹೋಗಿ ಒಂದು ಬೆರಳಿನ ಹತ್ತಿರ ನಿಂತರು. ಆಮೇಲೆ, ಯೋಚಿಸುತ್ತಲೇ, “ಹಂಗಾದ್ರ ಕಾರಹುಣ್ಣಿವ್ಯಾಗ ಏನೋ ಮಾಡ್ಯಾಳ” ಎಂದರು.

ಖೋಲಿಯಲ್ಲಿ ಎಲ್ಲರೂ ಮಹಾದೇವಿಯನ್ನು ನೋಡಿದರು. ಅಷ್ಟು ಹೊತ್ತೂ ಅವಳು ಗೋಡೆಗೆ ಒರಗಿ ಕುಳಿತಿದ್ದಳು. ಈಗ ತೊಟ್ಟಿಲಿಗೆ ಕೈ ಹಾಕಿ ಕೂಸನ್ನು ಎತ್ತಿಕೊಂಡಳು. ಮುಖದ ಮೇಲಿನ ಬಟ್ಟೆ ತೆಗೆದು ಪಕ್ಕಕ್ಕಿಟ್ಟಳು. ಕೂಸು ಬೆಳಕಿಗೆ ಕಣ್ಣು ಕಿರಿದು ಮಾಡಿತು.

“ಕಾರಹುಣ್ಣಿವ್ಯಾಗ ನಾ ಎಲ್ಲಿದ್ನಿ ಅತ್ತಿ?”

ಗುರುಬಾಯಿಯ ಬೆರಳು ಇನ್ನೂ ಮಡಿಚಿಯೇ ಇತ್ತು.

“ಇವ್ರು ಬ್ಯಾಸಿಗ್ಯಾಗ ಊರಿಗೆ ಬಂದು ತಿರುಗಿ ಇಲ್ಲಿಗೆ ಬಂದ್ರು. ನಾ ಶ್ರಾವಣದ ತನಕ ನಿಮ್ಮ ಮನ್ಯಾಗ ಇದ್ದೆ. ನಿಮ್ಮ ಜೋಡಿ ಉಂಡೀನಿ, ನಿಮ್ಮ ಜೋಡಿ ಹೊಲಕ್ಕ ಹೋಗೀನಿ, ನಿಮ್ಮ ಮಗ್ಗಲಾಗ ಮಲಗೀನಿ. ಅಲ್ಲಿ ಈ ಅಕ್ಕನೂ ಇದ್ದಿಲ್ಲ, ಬಾಯಾರೂ ಇದ್ದಿಲ್ಲ, ಶಾಳಿನೂ ಇದ್ದಿಲ್ಲ. ನೋಡಿದಾಕಿ ನೀವೊಬ್ರೇ. ನೀವೇ ಹೇಳ್ರಿ, ಏನ್ ತಪ್ಪು ಮಾಡಿದ್ನಿ? ಒಂದು ತಪ್ಪು ಹೇಳ್ರಿ. ಆ ಗಂಟು ಹಿಡದು, ಇವ್ರೆಲ್ಲಾರ ಮುಂದ ಅದನ್ನ ಒಪ್ಕೋತೀನಿ.”

ಹೊರಗೆ ಕಟ್ಟೆಯ ಮೇಲಿದ್ದ ಗಂಡಸರೂ ಬಾಗಿಲ ಕಡೆ ತಿರುಗಿದ್ದರು. ಗುರುಬಾಯಿ ಕೂಸಿನ ಮುಖವನ್ನೇ ನೋಡುತ್ತಿದ್ದರು. ಅವರು ಆ ತಿಂಗಳನ್ನು ನೆನಪಿಗೆ ತಂದುಕೊಳ್ಳುತ್ತಿದ್ದದ್ದು ಅವರ ಮುಖದಲ್ಲಿ ಕಾಣುತ್ತಿತ್ತು. ಕೊನೆಗೆ ಅವರು ಯಾರಿಗೂ ಅಲ್ಲದ ಹಾಗೆ ಹೇಳತೊಡಗಿದರು.

“ಎತ್ತಿನ ಕೋಡಿಗೆ ಬಣ್ಣ ಹಚ್ಚಿದ್ವಿ. ಈಕಿ ಕಡಬು ಮಾಡಿ ಒಂದೂ ತಿನ್ನಲಿಲ್ಲ, ವಾಕರಿಕಿ ಬರ್ತಿತ್ತು. ಮರುದಿನ ಹೊಲಕ್ಕ ಬಂದ್ಳು. ಮನ್ಯಾಗ ಕೂಡು ಅಂದ್ರ ಕೇಳಲಿಲ್ಲ. ಬದುವಿನ ಮ್ಯಾಲ ಕುಂತು ವಾಂತಿ ಮಾಡ್ಕೊಂಡು ಮತ್ತ ಎದ್ದು ಬಂದ್ಳು.”

ಕಲ್ಯಾಣದ ಅತ್ತಿಗೆ ಕಾಯದೆ ಬಾಯಿ ಹಾಕಿದಳು. “ಏನಾರೆ ದಾಟಿರಬೇಕು ಯಕ್ಕಾ, ಏನಾರೆ ಮುಟ್ಟಿರಬೇಕು. ನೀ ನೋಡಿರಾಕಿಲ್ಲ.”

ಗುರುಬಾಯಿ ತಲೆಯೆತ್ತಿದರು. ಅವರ ಗಟ್ಟಿ ಧ್ವನಿ ತಿರುಗಿ ಬಂದಿತ್ತು.

“ಏನಂದಿ? ನಾ ನೋಡಿರಾಕಿಲ್ಲ? ನನ್ನ ಮನ್ಯಾಗ, ನನ್ನ ಕಣ್ಣ ಮುಂದ ಸೊಸಿ ತಪ್ಪು ಮಾಡ್ತಾಳ, ನಾ ಸುಮ್ಮನ ಬಿಡ್ತೀನಿ? ಏನೂ ಮಾಡಿಲ್ಲ ಆಕಿ. ಮಾಡಿದ್ರ ಆವತ್ತೇ ಕೇಳ್ತಿದ್ನಿ.”

ಹೇಳಿಯಾದ ಮೇಲೆ ತಾವು ಹೇಳಿದ್ದೇನೆಂದು ಅವರಿಗೇ ಕೇಳಿಸಿದಂತಿತ್ತು. ಆಮೇಲೆ ತಟ್ಟೆಯನ್ನು ಮೊಣಕೈಯಿಂದ ಗೋಡೆಯ ಕಡೆ ಸರಿಸಿ, ಎರಡೂ ಕೈ ಮುಂದೆ ಚಾಚಿದರು. ಮಹಾದೇವಿ ಒಂದು ಗಳಿಗೆ ತಡೆದು ಕೂಸನ್ನು ಅವರ ಕೈಗೆ ಕೊಟ್ಟಳು. ಗುರುಬಾಯಿ ಅದನ್ನು ತೊಡೆಯ ಮೇಲೆ, ಎಲ್ಲರಿಗೂ ಮುಖ ಕಾಣುವ ಹಾಗೆ ಮಲಗಿಸಿಕೊಂಡರು. ಸೆರಗು ಎಳೆಯಲಿಲ್ಲ.

“ಹೆಸರು ಏನ್ ಇಡ್ತೀರಿ ಹೇಳ್ರಿ” ಎಂದರು. “ಕೂಸಿಗೆ ಹಾಲಿನ ಹೊತ್ತಾಗ್ಯಾದ.”